ದೇವರಿಗೆ ಬಿಟ್ಟ ಮಾತ್ರೆ

ಸಿಹಿಕುಂಬಳಕಾಯಿ ಹೆಚ್ಚುತ್ತಿದ್ದೆ. ತಿರುಳಿಗೆ ಕೈ ಹಾಕಿ ಬೀಜ ಬಿಡಿಸುವಾಗ ಫೋನು ಬಂತು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ. ಮೆಡಿಕಲ್ ಅಂಗಡಿಯ ವಾಮನಣ್ಣನ ಮಗಳು ಸ್ನೇಹಾ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಹಿಂದಿ. "ಆಂಟಿ, ಪಪ್ಪಾ ನಹೀ ರಹೇ" ಎಂದಳು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದು ತೀರಿಕೊಂಡರಂತೆ. ನನಗೆ ಅಳು ಬರಲಿಲ್ಲ. ನರಳದೆ ಹೋದರಲ್ಲ, ಅದೊಂದು ದೇವರ ದಯೆ ಎಂದುಕೊಂಡೆ. ಅವಳು ಇನ್ನೊಂದು ಮಾತು ಕೇಳಿದಳು. ಅದಕ್ಕೂ ಉತ್ತರ ಕೊಟ್ಟು ಫೋನಿಟ್ಟೆ.

ವಾಮನಣ್ಣ ಎಂದರೆ ನನಗೆ ಮೊದಲು ಕಾಣುವುದು ಅವರ ಕೈ. ಮಾತ್ರೆಯ ಪಟ್ಟಿಯನ್ನು ನಮ್ಮ ಕಡೆ ಚಾಚುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ. ಒಂದು ತುದಿ ನಮ್ಮ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ಬೇರೆ ಎಂತ ಮದ್ದು ತಗೊಳ್ತೀರಿ, ಊಟ ಮಾಡಿದ್ದೀರಾ ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆಯೇ ಬೆರಳು ಸಡಿಲ. ಮುಂಬೈ ಲೋಕಲ್ ಹಿಡಿಯಲು ವಿಠ್ಠಲವಾಡಿ ಸ್ಟೇಷನ್ನಿಗೆ ಓಡುವವರು "ಕಾಕಾ, ಲವಕರ್!" ಎಂದು ಅವಸರಪಡಿಸಿದರೆ, "ಗಾಡಿ ಇನ್ನೊಂದು ಬರ್ತದೆ, ಲಿವರ್ ಇನ್ನೊಂದು ಬರುದಿಲ್ಲ" ಎಂದು ಕನ್ನಡದಲ್ಲೇ ಗೊಣಗುತ್ತಿದ್ದರು. ಬ್ರಹ್ಮಾವರ ಬಿಟ್ಟು ಮೂವತ್ತು ವರ್ಷವಾದರೂ ಆ ಊರಿನ ಮಾತು ಬಿಟ್ಟಿರಲಿಲ್ಲ.

ನನ್ನ ಯಜಮಾನರು ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದಾರೆ. ಠಾಣೆಯಲ್ಲಿ ಗಾಡಿ ಬದಲಿಸಿ ಬರಬೇಕು. ಒಂದು ವರ್ಷ ನನಗೆ ಅದೇನಾಯಿತೋ, ಅವರು ಹತ್ತು ನಿಮಿಷ ತಡವಾದರೂ ಎದೆ ಡವಗುಟ್ಟುತ್ತಿತ್ತು, ಕೈ ತಣ್ಣಗಾಗುತ್ತಿತ್ತು. ಒಲೆ ಉರಿಯುತ್ತಿದ್ದರೂ ಅದನ್ನು ಬಿಟ್ಟು ರಸ್ತೆ ಕಾಣುವ ಗ್ಯಾಲರಿಯಲ್ಲಿ ನಿಲ್ಲುತ್ತಿದ್ದೆ. ಡಾಕ್ಟರು ಆತಂಕದ ಕಾಯಿಲೆ ಎಂದು ದಿನಕ್ಕೊಂದು ಮಾತ್ರೆ ಬರೆದರು. ಕಡಿಮೆಯೂ ಆಯಿತು. ಆದರೆ ದಿನಾ ವಿಷ್ಣುಸಹಸ್ರನಾಮ ಓದುವವಳು ತಲೆಯ ಮಾತ್ರೆ ನುಂಗುವುದೆಂದರೆ ನಂಬಿಕೆ ಸಾಲದ್ದಕ್ಕೆ ಎಂದು ನನಗೆ ಒಳಗೊಳಗೆ ನಾಚಿಕೆ.

ಆಷಾಢ ಏಕಾದಶಿಗೆ ಚಾತುರ್ಮಾಸ್ಯ ಶುರುವಾಯಿತು. ನಮ್ಮಲ್ಲಿ ಮೊದಲ ತಿಂಗಳು ತರಕಾರಿ ಬಿಡುತ್ತೇವೆ, ಮುಂದಿನ ತಿಂಗಳು ಮೊಸರು. ಆ ಸಲ ನಾನು ತರಕಾರಿಯ ಜೊತೆ ಮಾತ್ರೆಯನ್ನೂ ದೇವರಿಗೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಆರನೇ ದಿನಕ್ಕೆ ನಿದ್ದೆ ಹಾರಿಹೋಯಿತು, ಸೌಟು ಹಿಡಿದ ಕೈ ನಡುಗತೊಡಗಿತು. ಭಜನಾ ಮಂಡಳಿಯ ವಾಟ್ಸಪ್ಪಿನಲ್ಲಿ ಯಾರೋ ಮೆಗ್ನೀಷಿಯಮ್ ತಗೊಂಡರೆ ಆತಂಕ ಹೋಗುತ್ತದೆ ಎಂದು ಹಾಕಿದ್ದರು. ಅದು ಉಪ್ಪಿನ ಹಾಗೆ ಖನಿಜ, ವ್ರತಕ್ಕೆ ಭಂಗವಿಲ್ಲ ಎಂದುಕೊಂಡು ಅಂಗಡಿಗೆ ಹೋದೆ.

ವಾಮನಣ್ಣ ಡಬ್ಬಿ ಚಾಚಿದರು. ಬಿಡಲಿಲ್ಲ.

"ಪದ್ಮಕ್ಕ, ಹಳೇ ಮಾತ್ರೆ ಮೊನ್ನೆಯೇ ಮುಗಿಬೇಕಿತ್ತಲ್ಲ. ನೀವು ಬರ್ಲೇ ಇಲ್ಲ?"

"ವ್ರತಕ್ಕೆ ಬಿಟ್ಟಿದ್ದೇನೆ. ದೇವರಿಗೆ."

ಅವರು ನಗಲಿಲ್ಲ. ಕನ್ನಡಕ ಹಣೆಗೇರಿಸಿದರು. "ದೇವರಿಗೆ ಬಿಡುದಾದ್ರೆ ಇಷ್ಟದ್ದು ಬಿಡ್ಬೇಕು ಮಾರಾಯ್ರೆ. ಮಾತ್ರೆ ಯಾರಿಗಾದ್ರೂ ಇಷ್ಟ ಉಂಟಾ? ಬೇಡದ್ದನ್ನು ಅವನ ತಲೆಗೆ ಕಟ್ಟುದು ಎಂತ ವ್ರತ? ದಿನಕ್ಕೆ ಎಷ್ಟು ಚಾ ಕುಡೀತೀರಿ?"

"ಐದು. ಆರು."

"ಚಾ ಬಿಡಿ. ಅವನಿಗೂ ಖುಷಿ, ನಿಮ್ಮ ಎದೆಗೂ ಒಳ್ಳೇದು."

"ಹಾಗಾದರೆ ಈ ಮೆಗ್ನೀಷಿಯಮ್ ಸುಳ್ಳಾ?"

"ಸುಳ್ಳಲ್ಲ. ಮೈಯಲ್ಲಿ ಅದು ಕಡಿಮೆ ಇದ್ದವರಿಗೆ ಸ್ವಲ್ಪ ಉಪಕಾರ ಆಗ್ಬಹುದು. ಎಲ್ಲರಿಗೂ ಆಗ್ತದೆ ಅಂತ ಗಟ್ಟಿಯಾಗಿ ಹೇಳ್ಲಿಕ್ಕೆ ಯಾರಿಂದಲೂ ಆಗ್ಲಿಲ್ಲ. ಜಾಸ್ತಿ ಆದ್ರೆ ಹೊಟ್ಟೆ ಹಾಳು. ಕಿಡ್ನಿ ಸರಿ ಇಲ್ಲದವರು ಮುಟ್ಲಿಕ್ಕೇ ಇಲ್ಲ. ಅದು ಪಲ್ಯ ಅಕ್ಕ, ಅನ್ನ ಅಲ್ಲ. ಅನ್ನ ಬಿಟ್ಟು ಪಲ್ಯ ಮಾತ್ರ ಬಡಿಸಿದ್ರೆ ನಿಮ್ಮ ಯಜಮಾನ್ರು ಸುಮ್ಮನಿರ್ತಾರಾ?"

ಡಬ್ಬಿ ಹಿಂದಕ್ಕಿಟ್ಟರು. ಗಿರಾಕಿಗಳು ಕಾಯುತ್ತಿದ್ದರೂ ನನ್ನ ಕೈಯಿಂದಲೇ ಡಾಕ್ಟರರಿಗೆ ಫೋನು ಮಾಡಿಸಿದರು. ಇದ್ದಕ್ಕಿದ್ದಂತೆ ನಿಲ್ಲಿಸಿದ್ದಕ್ಕೆ ಬೈಸಿಕೊಂಡೆ. ಅಂದೇ ಹಳೇ ಮಾತ್ರೆ ಮತ್ತೆ ಶುರುವಾಯಿತು. ಮುಂದೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೂಂ ಅಂದ ಮೇಲೆ ಎರಡು ತಿಂಗಳು ಮೆಗ್ನೀಷಿಯಮ್ಮನ್ನೂ ತೆಗೆದುಕೊಂಡೆ. ನಿದ್ದೆ ಬಂತು. ಅದರಿಂದಲೋ, ಹಳೇ ಮಾತ್ರೆಯಿಂದಲೋ, ಚಹಾ ಬಿಟ್ಟಿದ್ದಕ್ಕೋ, ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ವಾಮನಣ್ಣ, "ನಿದ್ದೆ ಬಂತಲ್ಲ, ಯಾರ ಮನೆಯಿಂದ ಬಂತು ಅಂತ ಎಂತಕ್ಕೆ ವಿಚಾರಣೆ?" ಎಂದರು. "ಮತ್ತೆ ಬೇಕಾದ್ರೆ ಕುಂಬಳಕಾಯಿ ಬೀಜ ಬಿಸಾಡ್ಬೇಡಿ. ಅದರಲ್ಲೂ ಅದೇ ಇರುದು." ಅಂದಿನಿಂದ ನಾನು ಬೀಜ ಎಸೆದಿಲ್ಲ. ಚಹಾ ಮತ್ತೆ ಮುಟ್ಟಿಲ್ಲ.

ಕೊನೆಯ ಸಲ ಕಂಡದ್ದು ಕಳೆದ ತಿಂಗಳು. ಪಟ್ಟಿ ಚಾಚಿ, ಹಿಡಿದೇ, "ಯಜಮಾನ್ರ ಗಾಡಿ ಈಗ ಸರಿಯಾಗಿ ಬರ್ತದಾ?" ಎಂದು ಕೇಳಿದರು. "ತಡವಾಗಿಯೇ ಬರ್ತದೆ. ನಾನು ಕಾಯುದಿಲ್ಲ, ಅಷ್ಟೆ" ಎಂದೆ. ಬೆರಳು ಸಡಿಲಿಸಿದರು.

ಸ್ನೇಹಾ ಕೇಳಿದ ಇನ್ನೊಂದು ಮಾತು ಇದು. ಅಂಗಡಿಯಲ್ಲಿ ವಾಮನಣ್ಣನ ಪುಸ್ತಕವೊಂದು ಅವಳಿಗೆ ಸಿಕ್ಕಿದೆಯಂತೆ. ಯಾರ ಮಾತ್ರೆ ಯಾವತ್ತು ಮುಗಿಯುತ್ತದೆಂದು ಅದರಲ್ಲಿ ಬರೆದಿಟ್ಟಿದ್ದಾರಂತೆ. ಇವತ್ತಿನ ತಾರೀಕಿಗೆ ನನ್ನ ಹೆಸರಿದೆ, ಎದುರಿಗೆ 'ಬಾರದಿದ್ದರೆ ಫೋನು' ಎಂದಿದೆ. "ಆಂಟಿ, ದವಾ ಹೈ ನಾ?" ಎಂದಳು. ಮಾತ್ರೆ ಉಂಟು ಮಗಾ, ಎಂದಿದ್ದೆ.

ದೇವರ ಮುಂದಿಟ್ಟ ಮಾತ್ರೆಯ ಡಬ್ಬಿ ತೆರೆದು ನೋಡಿದೆ. ಒಂದೇ ಉಳಿದಿತ್ತು. ಇವತ್ತಿಗೆ ಸಾಕು. ನಾಳೆ ಆ ಅಂಗಡಿಗೇ ಹೋಗಬೇಕು. ಇನ್ನು ಕೈ ಚಾಚಿದ ಕೂಡಲೇ ಪಟ್ಟಿ ಸಿಗುತ್ತದೆ.

ಕುಂಬಳಕಾಯಿಯನ್ನು ಕುಕ್ಕರಿಗೆ ಹಾಕಿದೆ. ಬೀಜ ತೊಳೆದು, ತಟ್ಟೆಯಲ್ಲಿ ಹರವಿ, ಗ್ಯಾಲರಿಯ ಬಿಸಿಲಿಗಿಟ್ಟೆ.