ಬೋರ್ಡು ಆರಿಸಿದ ಸೆಕ್ರೆಟರಿ

ಕಾಮೋಠೆಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಉಡುಪಿ ಕಡೆಯವರು. ಟೆರೇಸಿನ ಮೇಲೆ ಬಿಲ್ಡಿಂಗಿನ ಹೆಸರು ಹೊಳೆಯುವ ಬೋರ್ಡನ್ನು ಹಟ ಹಿಡಿದು ಹಾಕಿಸಿದವರು ಅವರೇ. ಬಂದವರಿಗೆಲ್ಲ ಅದನ್ನು ತೋರಿಸಿ, "ಸ್ಟೇಷನ್ನಿಂದಲೇ ಕಾಣ್ತದೆ ಮಾರಾಯ್ರೆ!" ಎಂದು ಎದೆಯುಬ್ಬಿಸುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ, ವಲಸೆ ಹೊರಟ ನವರಂಗ ಹಕ್ಕಿಯೊಂದು ಆ ಬೆಳಕಿಗೆ ದಾರಿ ತಪ್ಪಿ, ಬೋರ್ಡಿಗೆ ಬಡಿದು ಬಿತ್ತು. ಬೆಳಿಗ್ಗೆ ಅವರು ಅದನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ಆಫೀಸಿಗೆ ರಜೆ ಹಾಕಿ ಸಂಜೆಯವರೆಗೂ ಕಾದರು. ಹಕ್ಕಿಯ ಬೆನ್ನು ಹಸಿರೆಂದು ನನ್ನ ನೆನಪು, ನೀಲಿಯೆಂದು ಹೆಂಡತಿಯದು. ಅದು ಹಾರಿದಾಗ ಸೆಕ್ರೆಟರಿ ಕುಣಿದದ್ದರಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿಲ್ಲ.

ಅಂದೇ ಬೋರ್ಡಿನ ದೀಪ ಆರಿಸಿಬಿಟ್ಟರು.

"ಇನ್ನು ರಿಕ್ಷಾದವನಿಗೆ ಏನು ಗುರುತು ಹೇಳೋದು ಅಣ್ಣಾ?" ಎಂದು ಕೆಣಕಿದೆ.

"ಬೋರ್ಡು ಉರಿಯದ ಬಿಲ್ಡಿಂಗು ಅಂತ ಹೇಳಿ. ಇಡೀ ಸೆಕ್ಟರಿಗೆ ಒಂದೇ ಅಲ್ವಾ?" ಅವರ ಎದೆ ಮತ್ತೆ ಉಬ್ಬಿತು. "ಸ್ಟೇಷನ್ನಿಂದಲೇ ಕಾಣ್ತದೆ ಮಾರಾಯ್ರೆ!"