ದೇವರ ಟಗರಿನ ಸಿಗ್ನಲ್

ದೆವ್ವ, ಮಾಟ, ಮೈಮೇಲೆ ಬರುವುದು, ಇಂಥ ಮಾತು ಯಾರಾದರೂ ತೆಗೆದರೆ ಎದ್ದು ಒಳಗೆ ಹೋಗುವವಳು ನಾನು. ನನ್ನ ಕೆಲಸವೇ ಅಂಥದ್ದು. ಕಂಪ್ಯೂಟರಿನ ತಳದಲ್ಲಿ ಕರ್ನಲ್ ಎಂಬ ಯಜಮಾನ ಪ್ರೋಗ್ರಾಂ ಒಂದಿರುತ್ತದೆ. ಹತ್ತಿರದ ಸಾಧನಗಳೊಡನೆ ತಂತಿಯಿಲ್ಲದೆ ಮಾತಾಡುವ ಬ್ಲೂಟೂತ್ ಕಂಟ್ರೋಲರನ್ನು ಸಿಕ್ಕಿಸಿದ ಕೂಡಲೇ ಅದಕ್ಕೊಂದು ನಂಬರು ಕೊಡುವುದು, ಎಬ್ಬಿಸುವುದು, ಮಲಗಿಸುವುದು, ಕಿತ್ತರೆ ಹೆಸರು ಹೊಡೆದುಹಾಕುವುದು ಎಲ್ಲ ಈ ಕರ್ನಲ್ಲಿನ ಪಾಲಿಗೆ ಬಿದ್ದದ್ದು. ಆ ಭಾಗದ ಕೋಡನ್ನು ಚಿತ್ರದುರ್ಗದ ಮನೆಯಲ್ಲೇ ಕೂತು ಬರೆಯುತ್ತೇನೆ. ಇಲ್ಲದ್ದನ್ನು ಕರ್ನಲ್ ಇದೆ ಎನ್ನುವುದಿಲ್ಲ. ಅದೊಂದು ಗುಣಕ್ಕೇ ನನಗೆ ಮನುಷ್ಯರಿಗಿಂತ ಅದರ ಮೇಲೆ ನಂಬಿಕೆ ಹೆಚ್ಚು.

ನನ್ನ ಸೋದರಮಾವ ಹಿರಿಯೂರಿನ ಆಚೆ ಒಂದು ಹಳ್ಳಿಯಲ್ಲಿ ಕುರಿ ಸಾಕುತ್ತಾನೆ. ಊರ ಗುಡಿಯ ಪೂಜೆಯ ಪಾಳಿ ತಲೆತಲಾಂತರದಿಂದ ಅವನ ಮನೆಯದು. ಅವನ ಮಂದೆಯಲ್ಲಿ ದೇವರಿಗೆ ಬಿಟ್ಟ ಟಗರೊಂದಿತ್ತು. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಬೇರೆ ಕುರಿಗಳಿಗೆ ಮಾಡುವ ಹಾಗೆ ಕಿವಿ ಕತ್ತರಿಸಿ ಗುರುತು ಮಾಡುವಂತೆಯೂ ಇಲ್ಲ. ಹಾಗಾಗಿ ನನ್ನ ಕೋಡಿನ ಪರೀಕ್ಷೆಗೆಂದು ಒಯ್ದಿದ್ದ, ತನ್ನ ಗುರುತನ್ನು ಸುತ್ತಲಿನ ಸಾಧನಗಳಿಗೆ ಸದಾ ಕೂಗಿ ಹೇಳುವ ಬ್ಲೂಟೂತ್ ಟ್ಯಾಗೊಂದನ್ನು ಮಾವನೇ ಕೇಳಿ ಇಸಿದುಕೊಂಡು ಅದರ ಕೊರಳಿಗೆ ಕಟ್ಟಿದ.

ಒಂದು ದಿನ ಮೇಯಲು ಹೋದ ಟಗರು ತಿರುಗಿ ಬರಲಿಲ್ಲ. ಮಾವನೇ ಮಾರಿಕೊಂಡಿದ್ದಾನೆ ಎಂದು ಸುದ್ದಿ ಹಬ್ಬಿತು. ಹಬ್ಬಿಸಿದವನು ಅದೇ ಊರಿನ ಕುರಿ ವ್ಯಾಪಾರಿ ತಿಪ್ಪೇಶ. ಅವತ್ತು ಮೇವಿನ ಕಾವಲಿನ ಪಕ್ಕ ತಿಪ್ಪೇಶನ ಟೆಂಪೊ ನಿಂತಿದ್ದನ್ನು ಮಾವ ಕಣ್ಣಾರೆ ಕಂಡಿದ್ದ. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜನ ಮಾವನ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ಪೂಜೆಯ ಪಾಳಿಯನ್ನು ಆ ಮನೆಯಿಂದ ತೆಗೆಯಬೇಕೆಂದು ಊರವರು ಸೇರುವುದಕ್ಕೂ ದಿನ ಗೊತ್ತಾಯಿತು. ಫೋನ್ ಮಾಡಿದರೆ ಮಾವ ಮಳೆ, ಮೇವು ಅಂತ ಏನೇನೋ ಮಾತಾಡಿದ. ಮಾತು ಮುಗಿಸುವಾಗ ಅವನ ದನಿ ನಡುಗುತ್ತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ತಿಪ್ಪೇಶ ಊರೆದುರು ಮಣ್ಣು ಮುಕ್ಕಬೇಕು, ಅದನ್ನು ನಾನು ನಿಂತು ನೋಡಬೇಕು. ನನಗೆ ಬೇರೇನೂ ಬೇಕಿರಲಿಲ್ಲ. ಪ್ರತಿ ಬ್ಲೂಟೂತ್ ಸಾಧನಕ್ಕೂ ತನ್ನದೇ ವಿಳಾಸವಿರುತ್ತದೆ. ಕೆಲವು ಕಂಟ್ರೋಲರುಗಳ ವಿಳಾಸವನ್ನು ಬದಲಾಯಿಸಲು ಬರುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಒಂದು ಕಂಟ್ರೋಲರಿಗೆ ಟಗರಿನ ಟ್ಯಾಗಿನ ವಿಳಾಸ ತೊಡಿಸಿದೆ. ಅದು ಕೂಗಿದರೆ ಲ್ಯಾಪ್‌ಟಾಪಿನ ಒಳಗಿರುವ ಕಂಟ್ರೋಲರ್ ಕೇಳಿಸಿಕೊಳ್ಳುತ್ತದೆ. ಟೆಂಪೊ ಪಕ್ಕದಲ್ಲಿ ಕೂತು, ಟ್ಯಾಗು ಇದರಲ್ಲೇ ಇದೆ ಎಂದು ಊರಿಗೆಲ್ಲ ತೋರಿಸುವುದು ನನ್ನ ಲೆಕ್ಕಾಚಾರ. ಸುಳ್ಳು ಸಾಕ್ಷಿ ಎನ್ನುತ್ತೀರಾ? ಹೌದು, ಸುಳ್ಳೇ. ಮಾವನ ಮೇಲೆ ಹೊರಿಸಿದ್ದು ನಿಜವಾಗಿತ್ತೇ?

ಮಟಮಟ ಮಧ್ಯಾಹ್ನ ಊರವರು ಬೇವಿನ ಮರದ ಕಟ್ಟೆಯ ಮೇಲೆ ಸೇರಿದ್ದರು. ತಿಪ್ಪೇಶ ಟೆಂಪೊಗೆ ಒರಗಿ ನಿಂತು ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಟಗರು ಎಲ್ಲಿದೆಯೆಂದು ಮಿಷಿನ್ನೇ ಹೇಳುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಲ್ಯಾಪ್‌ಟಾಪ್ ತೆರೆದು ಅದರೊಳಗಿನ ಕಂಟ್ರೋಲರನ್ನು ಕೇಳಿಸಿಕೊಳ್ಳಲು ಹಚ್ಚಿದೆ. ಬ್ಯಾಗಿಗೆ ಕೈ ಹಾಕಿದರೆ ಯುಎಸ್‌ಬಿ ಕಂಟ್ರೋಲರ್ ಇಲ್ಲ! ಚಿತ್ರದುರ್ಗದ ಮೇಜಿನ ಮೇಲೆಯೇ ಉಳಿದಿತ್ತು. ಏನು ಮಾಡಲೂ ತೋಚದೆ ಅದನ್ನು ಎಬ್ಬಿಸುವ ಆಜ್ಞೆಯನ್ನು ಸುಮ್ಮನೆ ಒತ್ತಿದೆ. ಅಂಥ ಸಾಧನವೇ ಇಲ್ಲ ಎಂದು ಕರ್ನಲ್ ಉತ್ತರ ಕೊಟ್ಟಿತು.

ಅದರ ಕೆಳಗಿನ ಸಾಲಿನಲ್ಲಿ ಟಗರಿನ ವಿಳಾಸ ಬಂತು.

ಮೊದಲು ಸಿಗ್ನಲ್ ತೀರಾ ಕ್ಷೀಣವಾಗಿತ್ತು. ಸಾಲಿನಿಂದ ಸಾಲಿಗೆ ಜೋರಾಗುತ್ತ ಹೋಯಿತು. ನಾನು ಕೂತಲ್ಲಿಂದ ಅಲ್ಲಾಡಿರಲಿಲ್ಲ, ಟೆಂಪೊ ನಿಂತಲ್ಲೇ ಇತ್ತು. ಏನೋ ಒಂದು ನಮ್ಮ ಕಡೆಗೆ ನಡೆದು ಬರುತ್ತಿದ್ದರೆ ಮಾತ್ರ ಸಿಗ್ನಲ್ ಹಾಗೆ ಏರುತ್ತದೆ.

ತಲೆಯೆತ್ತಿ ತಿಪ್ಪೇಶನನ್ನು ನೋಡಿದೆ. ಅವನು ನಿಂತಿದ್ದ ಕಡೆಗೆ ಲ್ಯಾಪ್‌ಟಾಪಿನ ಬೆನ್ನಿತ್ತು, ಪರದೆ ಅವನಿಗೆ ಕಾಣುವಂತಿರಲಿಲ್ಲ. ಅವನು ಖಾಲಿ ದಾರಿಯನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಪಂಚೆ ಎತ್ತಿಕೊಂಡು ಪಕ್ಕಕ್ಕೆ ಸರಿದ. ಮತ್ತೆ ಇನ್ನೊಂದು ಪಕ್ಕಕ್ಕೆ ಹಾರಿದ, ಹಾಯಲು ಬಂದ ಟಗರಿನಿಂದ ತಪ್ಪಿಸಿಕೊಳ್ಳುವವರ ಹಾಗೆ. ಬೆನ್ನು ಟೆಂಪೊಗೆ ತಾಗಿದಾಗ ಅಲ್ಲೇ ಕುಸಿದು ಕೂತ.

"ಕುಯ್ದಿದ್ದು ನಾನೇ ಕಣ್ರಪ್ಪ," ಅಂದ. "ಅದನ್ನ ಹಿಂದಕ್ಕೆ ಕರ್ಕಳ್ರಿ."

ಟ್ಯಾಗು ಎಲ್ಲಿದೆ ಎಂದು ಹಿರಿಯರು ಗದರಿಸಿ ಕೇಳಿದರು. ಅವನು ಹೇಳಿದಂತೆ ಅವನ ಮನೆಯ ಹಿತ್ತಿಲನ್ನು ಕೆದಕಿದಾಗ ಅದು ಸಿಕ್ಕಿತು, ಕಲ್ಲಿನಲ್ಲಿ ಜಜ್ಜಿ ಹೋಗಿತ್ತು, ಬ್ಯಾಟರಿ ಕಿತ್ತುಹೋಗಿತ್ತು. ಅದರಿಂದ ಸಿಗ್ನಲ್ ಹೊರಡುವುದು ಸಾಧ್ಯವೇ ಇಲ್ಲ. ಆಮೇಲೆ ಕರ್ನಲ್ಲಿನ ದಾಖಲೆಯನ್ನು ಎಷ್ಟು ಸಲ ಓದಿದ್ದೇನೋ. ಅವತ್ತು ಲ್ಯಾಪ್‌ಟಾಪಿನಲ್ಲಿದ್ದದ್ದು ಒಂದೇ ಕಂಟ್ರೋಲರ್, ಅದು ಕೇಳಿಸಿಕೊಂಡದ್ದು ಆ ವಿಳಾಸವನ್ನೇ. ನನಗೆ ಗೊತ್ತಿರುವ ಯಾವ ದೋಷವೂ ಅದಕ್ಕೆ ಹೊಂದುವುದಿಲ್ಲ.

ಪಾಳಿ ಮಾವನ ಮನೆಯಲ್ಲೇ ಉಳಿಯಿತು. ಊರವರು ಅವನ ಮನೆಗೆ ಬಂದು ನೀರು ಕೇಳಿ ಕುಡಿದರು. ನನ್ನ ಮಿಷಿನ್ನನ್ನು ಹೊಗಳಿದರು. ನನ್ನ ಕೈಯಿಂದ ತೀರಬೇಕಾಗಿದ್ದ ಸೇಡನ್ನು ಇನ್ಯಾರೋ ತೀರಿಸಿದರಲ್ಲ ಎಂಬ ಸಿಟ್ಟು ನನಗೆ ಈಗಲೂ ಇದೆ.

ಮೊನ್ನೆ ತಿಪ್ಪೇಶ ಚಿತ್ರದುರ್ಗಕ್ಕೆ ನನ್ನ ಮನೆ ಹುಡುಕಿಕೊಂಡು ಬಂದಿದ್ದ. ಮೈ ಇಳಿದುಹೋಗಿತ್ತು. ಒಳಗೆ ಬಾ ಎಂದರೂ ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಹೊರಗೇ ನಿಂತ.

"ಅಕ್ಕಾರೆ, ತಪ್ಪಾತು. ಹೋದಲ್ಲೆಲ್ಲ ಹಿಂದೆನೇ ಬರ್ತೈತೆ. ನಿಮ್ ಮಿಷಿನ್ ಇನ್ನಾದ್ರು ಬಂದ್ ಮಾಡ್ರಿ."

ನಾನು ಬಂದ್ ಮಾಡುವುದಕ್ಕೆ ಅಲ್ಲಿ ಏನೂ ಇಲ್ಲ. ಅವತ್ತು ಕೂಗುವಂಥದ್ದೇನನ್ನೂ ನಾನು ಆನ್ ಮಾಡಿರಲಿಲ್ಲ. ಅಷ್ಟು ಹೇಳಿ ಕಳಿಸಬಹುದಿತ್ತು. ಫೋನಿನಲ್ಲಿ ಕೇಳಿದ ಮಾವನ ದನಿ ನೆನಪಾಯಿತು.

"ನೋಡಾಣ ತಿಪ್ಪೇಶಣ್ಣ," ಅಂದೆ. "ಇನ್ನೊಂದಿಷ್ಟು ದಿನ ಇರ್ಲಿ."