ಎರಡನೆಯ ಭಾಗಕ್ಕೆ ಹೋಗಬೇಕಿದ್ದ ನಾಲ್ವರು

ನಾನು ನಿಂತಿದ್ದದ್ದು ಜೆಪ್ಪುವಿನಲ್ಲಿ, ಅಕ್ಕನ ಮನೆಯ ನಡುಕೋಣೆಯ ಬಾಗಿಲಲ್ಲಿ. ಎಡಗಾಲು ಹೊಸ್ತಿಲ ಒಳಗೆ, ಬಲಗಾಲು ಹೊರಗೆ. 1987ರ ಆಯುಧ ಪೂಜೆಯ ದಿನ, ಬೆಳಿಗ್ಗೆ ಹತ್ತೂವರೆ ದಾಟಿತ್ತು. ಹೊತ್ತು ನೆನಪಿರಲು ಕಾರಣವಿದೆ. ನಾನು ಗುಮಾಸ್ತನಾಗಿದ್ದ ಹೆಂಚಿನ ಕಾರ್ಖಾನೆಯಲ್ಲಿ ಹನ್ನೊಂದಕ್ಕೆ ಪೂಜೆ ಇತ್ತು. ತಡವಾಯಿತೆಂದು ಆಗ ತಾನೇ ಗೋಡೆಯ ಗಡಿಯಾರ ನೋಡಿದ್ದೆ. ನನ್ನಿಂದ ಮೇಜಿಗೆ ನಾಲ್ಕು ಹೆಜ್ಜೆ. ಮೇಜಿನ ಎದುರು ಅಕ್ಕನ ಅತ್ತೆ ನಿಂತಿದ್ದರು. ಎಡಗೈಯಲ್ಲಿ ಗಂಧದ ಬಟ್ಟಲು, ಬಲಗೈಯ ಉಂಗುರದ ಬೆರಳಿಗೆ ಹತ್ತಿದ ಗಂಧ. ಆ ಬೆರಳು ಎಲ್ಲಿಗೆ ಹೋಯಿತೆಂಬುದನ್ನು ನಾನು ಕಂಡೆ. ಕಂಡು ಸುಮ್ಮನಿದ್ದೆ.

ಅದಕ್ಕೆ ಮೊದಲು ಏನಾಗಿತ್ತು ಎಂದು ಹೇಳದಿದ್ದರೆ ಆ ಬೆರಳು ಮಾಡಿದ ಕೆಲಸ ಯಾರಿಗೂ ತಿಳಿಯದು.

ಭಾವ ಬಹ್ರೈನ್‌ನಲ್ಲಿ ಒಂದು ಕಚೇರಿಯಲ್ಲಿದ್ದರು. ಮದುವೆಯಾಗಿ ಎರಡೂವರೆ ವರ್ಷವಾಗಿತ್ತು. ಅದರಲ್ಲಿ ಅವರು ಊರಿನಲ್ಲಿದ್ದದ್ದು ಒಟ್ಟು ಹದಿನಾಲ್ಕು ವಾರ. ಮನೆಯಲ್ಲಿ ಗಂಡುದಿಕ್ಕು ಬೇಕೆಂದು ನನ್ನನ್ನು ಅಲ್ಲಿ ಇರಿಸಿಕೊಂಡಿದ್ದರು. ಎರಡನೆಯ ರಜೆಗೆ ಬರುವಾಗ ಅವರು ಟಿ.ವಿ.ಗೆ ಜೋಡಿಸುವಂಥ ಒಂದು ಕಂಪ್ಯೂಟರ್ ತಂದರು. ಯಾಕೆಂದು ಕೇಳಿದವರಿಗೆಲ್ಲ "ಮುಂದೆ ಮಕ್ಕಳಿಗೆ ಬೇಕಾಗ್ತದೆ" ಎಂದರು. ಮಕ್ಕಳು ಇನ್ನೂ ಹುಟ್ಟಿರಲಿಲ್ಲ. ಅಷ್ಟು ಮುಂದಾಲೋಚನೆಯ ವಸ್ತುವಿನ ಜೊತೆಗೆ ಒಂದು ಆಟವೂ ಬಂದಿತ್ತು.

ಆಟ ಹೀಗೆ: ನಾಲ್ಕು ಜನರನ್ನು ನಾವೇ ಹುಟ್ಟಿಸಬೇಕು, ಹೆಸರಿಡಬೇಕು, ಒಬ್ಬೊಬ್ಬರಿಗೆ ಒಂದೊಂದು ಕಸುಬು ಕೊಡಬೇಕು. ಆಮೇಲೆ ಅವರನ್ನು ನೆಲದಡಿಯ ಕತ್ತಲೆಯ ದಾರಿಗಳಿಗೆ ಇಳಿಸಬೇಕು. ಇಲಿ, ಹಾವು, ಭೂತಗಳೊಂದಿಗೆ ಕಾದಾಡಿ ಉಳಿದು ಬಂದರೆ ಅವರು ಒಂದು ಮೆಟ್ಟಿಲು ಮೇಲೇರುತ್ತಾರೆ. ಆ ನಾಲ್ವರ ಬದುಕೆಲ್ಲ ಒಂದು ತೆಳ್ಳಗಿನ ಕಪ್ಪು ಫ್ಲಾಪಿಯಲ್ಲಿ ಇರುತ್ತಿತ್ತು.

ಅಕ್ಕ ತನ್ನನ್ನೇ ಮಂತ್ರವಾದಿ ಮಾಡಿಕೊಂಡಳು. ಕತ್ತಿ ಹಿಡಿದು ಮುಂದೆ ನಡೆಯುವವರು ಭಾವ. ಬೀಗ ಮುರಿಯುವ ಕಳ್ಳ ನಾನು. ಗಾಯ ವಾಸಿ ಮಾಡುವ ಪುರೋಹಿತರ ಸ್ಥಾನ ಅತ್ತೆಗೆ ಹೋಯಿತು. ತುಳುವಿನ ರೂಢಿಯಂತೆ ಅವರನ್ನು ನಾವಿಬ್ಬರೂ ಮಾಮಿ ಎನ್ನುತ್ತಿದ್ದೆವು. ಪರದೆಯ ಮೇಲೂ ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಹೆಸರು. ಮನೆಯ ಮಾತು ತುಳು. ಇಲ್ಲಿ ನಾನು ಅದನ್ನು ನಮ್ಮ ಊರಿನ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ.

ಮಾಮಿ ಮೊದಲು ಈ ಆಟವನ್ನು ಮೆಚ್ಚಲಿಲ್ಲ. ಸೊಸೆ ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಟಿ.ವಿ. ಮುಂದೆ ಕೂತರೆ ಇವರು ಮಣೆ ಎಳೆದುಕೊಂಡು ಹಿಂದೆ ಕೂರುತ್ತಿದ್ದರು, ಕಾವಲಿಗೆ. ಒಂದು ತಿಂಗಳಲ್ಲಿ ಮಣೆ ಮುಂದೆ ಬಂತು.

"ನನ್ನನ್ನು ಯಾಕೆ ಯಾವಾಗಲೂ ಹಿಂದೆ ನಿಲ್ಲಿಸ್ತೀ?" ಎಂದು ಕೇಳುತ್ತಿದ್ದರು.

"ನೀವು ಮುಂದೆ ಬಂದರೆ ಸಾಯ್ತೀರಿ ಮಾಮಿ."

"ಹಾಗಾದರೆ ಅವನನ್ನು ಮುಂದೆ ಕಳಿಸು," ಎಂದು ನನ್ನ ಕಡೆ ಗಲ್ಲ ಎತ್ತುವರು. "ಕಳ್ಳನಿಗೆ ಎಂತ ಆಗಲಿಕ್ಕುಂಟು."

ಭಾವನ ಹತ್ತಿರ ಅಲ್ಲಿಯೂ ಅದೇ ಆಟ ಇತ್ತು. ಅದಕ್ಕೆ ಮೊದಲು ಅವರ ಕಾಗದಗಳು ನಾಲ್ಕು ಸಾಲಿನವು. ಕ್ಷೇಮ, ಮಳೆ ಉಂಟಾ, ಅಮ್ಮನ ಮೊಣಕಾಲು ಹೇಗುಂಟು, ಉಳಿದದ್ದು ಮುಂದಿನ ಪತ್ರದಲ್ಲಿ. ಮುಂದಿನ ಪತ್ರದಲ್ಲಿ ಮಳೆ ಮತ್ತು ಮೊಣಕಾಲೇ ಇರುತ್ತಿದ್ದವು. ಆಟ ಸುರುವಾದ ಮೇಲೆ ಲಕೋಟೆ ದಪ್ಪವಾಯಿತು. ಏಳು ಪುಟ, ಎಂಟು ಪುಟ, ಒಳಗೆ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ ನೆಲದಡಿಯ ನಕ್ಷೆ. ಇಲ್ಲಿ ಎಡಕ್ಕೆ ತಿರುಗಬೇಡ, ಹೊಂಡ ಉಂಟು. ಇಲ್ಲಿ ನಾನು ಮೂರು ಸಲ ಸತ್ತೆ, ನಿನ್ನ ನೆನಪಾಯಿತು. ಅಕ್ಕ ಅಡಿಗೆಮನೆಯಲ್ಲಿ ನಿಂತು ಓದುವಳು, ಸಾರು ಉಕ್ಕುವುದು. ಗಂಡ ಹೆಂಡಿರು ಒಬ್ಬರನ್ನೊಬ್ಬರು ಗುರುತು ಮಾಡಿಕೊಂಡದ್ದು ಆ ನಕ್ಷೆಗಳಲ್ಲಿ. ಇದು ನನ್ನ ಊಹೆಯಲ್ಲ. ಆ ಟಪಾಲು ತಂದುಕೊಡುತ್ತಿದ್ದವನು ನಾನು, ಮುಖ ನೋಡಿದವನೂ ನಾನು.

ಆ ವರ್ಷದ ಮಳೆಗಾಲದಲ್ಲಿ ಭಾವ ಬರೆದರು: ಆಟದ ಎರಡನೆಯ ಭಾಗ ಬರುತ್ತದೆ, ಯಾರಾದರೂ ರಜೆಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಮೊದಲನೆಯದನ್ನು ಮುಗಿಸಿದವರು ತಮ್ಮ ನಾಲ್ವರನ್ನು ಹಾಗೆಯೇ ಎರಡನೆಯದಕ್ಕೆ ದಾಟಿಸಬಹುದು. ಮುಗಿಸದವರು ಹೊಸಬರಿಂದ ಆರಂಭಿಸಬೇಕು. ನಾವಿಬ್ಬರೂ ಒಂದೇ ಮೆಟ್ಟಿಲಿನಲ್ಲಿ ನಿಂತು ಒಟ್ಟಿಗೆ ಹೊರಡುವ.

ಅಂದಿನಿಂದ ಆ ಮನೆಯಲ್ಲಿ ನಡೆದದ್ದು ಪ್ರಯಾಣದ ತಯಾರಿ. ಗಡಿಯಲ್ಲಿ ಎಲ್ಲವನ್ನೂ ಬಿಡುವುದಿಲ್ಲವಂತೆ, ಒಬ್ಬೊಬ್ಬರ ಮೈಮೇಲೆ ಇದ್ದಷ್ಟು ಮಾತ್ರ. ಅಕ್ಕ ಯಾರಿಗೆ ಯಾವ ಗುರಾಣಿ, ಯಾರಿಗೆ ಯಾವ ಕತ್ತಿ ಎಂದು ವಾರಗಟ್ಟಲೆ ಲೆಕ್ಕಾಚಾರ ಮಾಡಿದಳು. ಗಲ್ಫಿಗೆ ಹೊರಟವರ ಪೆಟ್ಟಿಗೆಯನ್ನು ತೂಕಕ್ಕೆ ಸರಿಹೊಂದಿಸಿ ಅಭ್ಯಾಸವಿದ್ದ ಮನೆ ಅದು.

"ಇವರಿಗೆ ವೀಸಾ ಬೇಡವಾ?" ಎಂದು ಮಾಮಿ ಕೇಳಿದರು.

"ಬೇಡ ಮಾಮಿ. ಈ ಫ್ಲಾಪಿಯೇ ಪಾಸ್‌ಪೋರ್ಟು."

ಮೊದಲನೆಯ ಭಾಗ ಮುಗಿದು ನಾಲ್ವರೂ ಹದಿನಾಲ್ಕನೆಯ ಮೆಟ್ಟಿಲು ಮುಟ್ಟಿದ ದಿನ ಅಕ್ಕ ಆಟ ನಿಲ್ಲಿಸಿದಳು. ಇನ್ನು ಯಾರಾದರೂ ಸತ್ತರೆ ಕಷ್ಟ, ಎರಡನೆಯದು ಬರುವವರೆಗೆ ಮುಟ್ಟುವುದೇ ಇಲ್ಲ ಎಂದಳು. ಫ್ಲಾಪಿಯನ್ನು ಬಿಸ್ಕತ್ತಿನ ಚೌಕ ಡಬ್ಬಿಯಲ್ಲಿಟ್ಟು, ಮಳೆಯ ಥಂಡಿ ತಾಗದ ಹಾಗೆ ಜೊತೆಗೆ ಒಂದು ಬಟ್ಟೆಗಂಟಿನಲ್ಲಿ ಒಣ ಅಕ್ಕಿ ಇಟ್ಟಳು. ಇನ್ನೊಂದು ಖಾಲಿ ಫ್ಲಾಪಿಯನ್ನು ನನ್ನ ಕೈಗೆ ಕೊಟ್ಟಳು. ಎಲ್ಲದಕ್ಕೂ ಒಂದು ನಕಲು ಇರಬೇಕೆಂದು ಭಾವ ಬರೆದಿದ್ದರು. ನಕಲು ಮಾಡುವುದು ಗುಮಾಸ್ತನ ಕೆಲಸ.

ಎರಡು ದಿನ ಬಿಟ್ಟು ಕೇಳಿದಳು, "ನಕಲು ಆಯ್ತಾ?"

"ಆಯ್ತು," ಎಂದೆ.

ಆಗಿರಲಿಲ್ಲ. ಆ ಖಾಲಿ ಫ್ಲಾಪಿಗೆ ನಾನು ಕಾರು ಓಡಿಸುವ ಒಂದು ಆಟವನ್ನು ಹಾಕಿಕೊಂಡಿದ್ದೆ, ಕಾರ್ಖಾನೆಯ ಸಹೋದ್ಯೋಗಿಯೊಬ್ಬನ ಅಣ್ಣನಿಂದ ಒಂದು ದಿನದ ಮಟ್ಟಿಗೆ ಸಿಕ್ಕಿತ್ತು. ಮತ್ತೊಂದು ಫ್ಲಾಪಿ ಸಿಕ್ಕಿದ ಮೇಲೆ ನಕಲು ಮಾಡಿದರಾಯಿತು ಎಂದುಕೊಂಡೆ. ಮಂಗಳೂರಿನಲ್ಲಿ ಆಗ ಫ್ಲಾಪಿ ಸಿಗುವ ಅಂಗಡಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ವಿಚಾರಿಸಿಯೂ ಇರಲಿಲ್ಲ.

ಇನ್ನು ಆ ದಿನಕ್ಕೆ ಬರುತ್ತೇನೆ.

ಆಯುಧ ಪೂಜೆಗೆ ಆ ಮನೆಯಲ್ಲಿ ಕೆಲಸ ಮಾಡುವ ವಸ್ತುವೆಲ್ಲ ದೇವರ ಮುಂದೆ ಬರಬೇಕು. ಮೆಟ್ಟುಕತ್ತಿ, ತುರಿಮಣೆ, ಹೊಲಿಗೆ ಯಂತ್ರ, ನನ್ನ ಸೈಕಲ್ಲು. ಅಲುಗಾಡಿಸಲಾಗದ ವಸ್ತುವಿದ್ದರೆ ಗಂಧ ಕುಂಕುಮವೇ ಅದರ ಬಳಿ ಹೋಗುತ್ತಿತ್ತು. ಹಾಗೆ ಮಾಮಿ ಕಂಪ್ಯೂಟರ್ ಬಳಿ ಬಂದದ್ದು. ಅಕ್ಕ ಆಗ ಹಿತ್ತಿಲ ಬಾವಿಕಟ್ಟೆಯಲ್ಲಿದ್ದಳು. ಕೋಣೆಯಲ್ಲಿ ಮಾಮಿ, ಅವರಿಗೆ ಹೂವಿನ ಬುಟ್ಟಿ ಹಿಡಿದುಕೊಂಡಿದ್ದ ಪಕ್ಕದ ಮನೆಯಾಕೆ, ಬಾಗಿಲಲ್ಲಿ ನಾನು.

ಮಾಮಿ ಟಿ.ವಿ.ಗೆ ಗಂಧ ಇಟ್ಟರು, ಕೀಲಿಮಣೆಯ ಅಂಚಿಗೆ ಇಟ್ಟರು. ನಂತರ ಬಿಸ್ಕತ್ತಿನ ಡಬ್ಬಿ ತೆರೆದು ಫ್ಲಾಪಿ ತೆಗೆದರು. ಅದರ ಕಾಗದದ ಚೀಲವನ್ನು ಕಳಚಿ ಪಕ್ಕಕ್ಕಿಟ್ಟರು. ಪೂಜೆಗೆ ಇಡುವ ಕತ್ತಿಯನ್ನು ಒರೆಯೊಳಗೆ ಬಿಡುವುದಿಲ್ಲವಲ್ಲ.

"ನನ್ನನ್ನೂ ಇದರಲ್ಲಿಯೇ ಇಟ್ಟಿದ್ದಾಳೆ," ಎಂದು ಪಕ್ಕದ ಮನೆಯಾಕೆಗೆ ತೋರಿಸಿದರು. "ಎರಡನೆಯದಕ್ಕೆ ಹೋಗ್ಲಿಕ್ಕುಂಟು ನಮಗೆ."

"ಹೋಗಿ, ಹೋಗಿ. ಹೋಗಿ ಬಂದು ನಮಗೂ ಎಂತಾದರೂ ತನ್ನಿ," ಎಂದರು ಆಕೆ.

ಆ ಕಾಲದ ಫ್ಲಾಪಿ ಕಂಡವರಿಗೆ ಗೊತ್ತು, ಅದರ ಕೆಳಗಡೆ ಒಂದು ಉದ್ದನೆಯ ಕಿಂಡಿ ಇರುತ್ತದೆ. ಒಳಗಿನ ಕಂದು ತಟ್ಟೆ ಅಲ್ಲಿ ಬರಿಮೈಯಲ್ಲಿ ಕಾಣುತ್ತದೆ. ಯಂತ್ರ ಓದುವುದು ಅಲ್ಲಿಂದಲೇ. ಅಲ್ಲಿಗೆ ಬೆರಳು ತಾಗಿಸಬಾರದೆಂದು ಭಾವ ಪತ್ರದಲ್ಲಿ ಎರಡು ಗೆರೆ ಎಳೆದು ಬರೆದಿದ್ದರು. ಆ ಸಾಲನ್ನು ಮಾಮಿಗೆ ಯಾರೂ ಓದಿ ಹೇಳಿರಲಿಲ್ಲ. ಓದಿ ಹೇಳುವವನು ನಾನೇ. ಮಾಮಿ ಫ್ಲಾಪಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಬೆರಳು ಕಿಂಡಿಯ ನಡುವಿಗೇ ಹೋಯಿತು. ಗಂಧದ ಮೇಲೆ ಕುಂಕುಮ. ಕುಂಕುಮದ ಮೇಲೆ ಒಂದು ಎಸಳು ಸೇವಂತಿಗೆ.

ಪೂಜೆಯ ನಡುವೆ ಮಾಮಿಯ ಕೈ ತಡೆಯುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಹಾಗಾಗಿ ಸುಮ್ಮನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಬಾಯಿ ತೆರೆದರೆ ಅಕ್ಕ ಓಡಿ ಬರುತ್ತಾಳೆ, ಬಂದರೆ ಮೊದಲು ಕೇಳುವುದು ನಕಲನ್ನು. ನಾನು ಸೈಕಲ್ಲಿನ ಹೂವಿನ ಮಾಲೆ ಸರಿಮಾಡಿಕೊಂಡು ಕಾರ್ಖಾನೆಗೆ ಹೋದೆ.

ಸೈಕಲ್ಲು ಬಿಟ್ಟರೆ ಪೂಜೆಗಿಟ್ಟ ಬೇರೇನನ್ನೂ ಆ ದಿನ ಮುಟ್ಟುವಂತಿಲ್ಲ. ಅಕ್ಕನ ಕಣ್ಣಿಗೆ ಬಿದ್ದದ್ದು ಮೇಲಿನ ಹೂವು ಮಾತ್ರ. ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲು ನಾನು ಒಣಗಿದ ಗಂಧವನ್ನು ಹೆಗಲ ಮೇಲಿನ ಬೈರಾಸಿನ ತುದಿ ಒದ್ದೆ ಮಾಡಿ ಒರೆಸಿದೆ. ಏನೂ ಕಾಣದಂತಾಯಿತು. ಚೀಲಕ್ಕೆ ಹಾಕಿ ಡಬ್ಬಿಯಲ್ಲಿಟ್ಟೆ. ಹಾಳಾದದ್ದು ಮಾಮಿಯ ಗಂಧದಿಂದಲೋ ನನ್ನ ಬೈರಾಸಿನಿಂದಲೋ ಇಂದಿಗೂ ಹೇಳಲಾರೆ.

ಮೂರು ವಾರ ಕಳೆದು ಕಂಕನಾಡಿಯ ಒಬ್ಬರು, ಭಾವನ ಜೊತೆ ಕೆಲಸ ಮಾಡುವವರು, ರಜೆಯಲ್ಲಿ ಬಂದು ಎರಡನೆಯ ಭಾಗವನ್ನು ತಲುಪಿಸಿದರು. ಅಕ್ಕ ತಲೆಗೆ ಸ್ನಾನ ಮಾಡಿ ಕೂತಳು. ಮಾಮಿ ಮಣೆ ಎಳೆದರು. ಹೊಸ ಆಟ ಕೇಳಿತು: ನಿಮ್ಮ ಹಳೆಯ ಜನರ ಫ್ಲಾಪಿ ಹಾಕಿ. ಅಕ್ಕ ಹಾಕಿದಳು. ಯಂತ್ರ ಕರಕರ ಎಂದಿತು, ನಿಂತಿತು, ಮತ್ತೆ ಕರಕರ ಎಂದಿತು. ಯಾರೂ ಇಲ್ಲ ಎಂದು ಪರದೆಯ ಮೇಲೆ ಬಂತು. ಆರು ಸಲ ಹಾಕಿದಳು. ಎಣಿಸಿದ್ದೇನೆ.

"ಗಂಧ ಇಟ್ಟದ್ದು ನಾನು," ಎಂದರು ಮಾಮಿ, ಯಾರೂ ಕೇಳದೆ. "ಅದಕ್ಕೆ ಎಂತಾದರೂ ಆಯ್ತಾ?"

ಅಕ್ಕ ಫ್ಲಾಪಿ ಹೊರತೆಗೆದಳು. ನನ್ನ ಕಡೆ ಕೈ ಚಾಚಿದಳು. "ನಕಲು ಕೊಡು."

ಕೊಟ್ಟೆ. ಬೇರೆ ಏನು ಮಾಡಬಹುದೆಂದು ಆ ಕ್ಷಣ ತೋಚಲಿಲ್ಲ. ಪರದೆಯ ಮೇಲೆ ಕೆಂಪು ಕಾರೊಂದು ಬಂದು ನಿಂತು ಗುರ್ ಎಂದಿತು.

"ಈ ಕಾರು ಎಲ್ಲಿಗೆ ಹೋಗ್ತದೆ?" ಎಂದು ಮಾಮಿ ಕೇಳಿದರು.

ಅಕ್ಕ ಕಾರನ್ನು ಸ್ವಲ್ಪ ಹೊತ್ತು ನೋಡಿದಳು. "ಎಲ್ಲಿಗೂ ಇಲ್ಲ ಮಾಮಿ," ಎಂದಳು. ನನಗೆ ಹೇಳಿದ್ದು ಇಷ್ಟೇ: "ಆಯ್ತು ಅಂತ ಹೇಳಿದ್ದೆಯಲ್ಲ ಮಾರಾಯ."

ಕೂತಲ್ಲಿಯೇ ಅವಳು ನಾಲ್ವರು ಹೊಸಬರನ್ನು ಹುಟ್ಟಿಸಿ ಅದೇ ಹೆಸರುಗಳನ್ನು ಇಟ್ಟಳು. ಭಾವನಿಗೆ ಮಾತ್ರ ಎಲ್ಲರೂ ಸುಖವಾಗಿ ದಾಟಿದರೆಂದು ಬರೆದಳು. ಸುಳ್ಳು ಯಾಕೆ ಎಂದು ಕೇಳುವ ಯೋಗ್ಯತೆ ನನಗಿರಲಿಲ್ಲ, ಆದರೂ ಕೇಳಿದೆ.

"ಹೋಯ್ತು ಅಂತ ಬರೆದರೆ ಅವರು ಬೇಸರದಲ್ಲಿ ಆಟ ಬಿಡ್ತಾರೆ. ಮತ್ತೆ ಮಳೆ ಉಂಟಾ, ಮೊಣಕಾಲು ಹೇಗುಂಟು," ಎಂದಳು.

ಎರಡನೆಯ ಭಾಗ ಹದಿನಾಲ್ಕನೆಯ ಮೆಟ್ಟಿಲಿನವರಿಗಾಗಿ ಮಾಡಿದ್ದು. ಊರ ಹೊರಗಿನ ಮೊದಲ ಕಾಡನ್ನು ಒಂದೇ ದಿನದಲ್ಲಿ ದಾಟಿದೆ ಎಂದು ಭಾವ ಬರೆದರು. ಅಕ್ಕನ ಹೊಸಬರು ಆ ಕಾಡಿನ ಅಂಚಿನಲ್ಲಿಯೇ ದಿನಾ ಸಾಯುತ್ತಿದ್ದರು. ಮೊದಲು ಬೀಳುತ್ತಿದ್ದದ್ದು ಪುರೋಹಿತರು.

"ಇವತ್ತು ಕೂಡ ನಾನೇ ಸತ್ತದ್ದಾ?" ಎಂದು ಮಾಮಿ ಅಡಿಗೆಮನೆಯಿಂದಲೇ ವಿಚಾರಿಸುತ್ತಿದ್ದರು.

ಬಹ್ರೈನ್‌ನಿಂದ ನಕ್ಷೆಗಳು ಬರುತ್ತಲೇ ಇದ್ದವು. ಕಾಡು, ನದಿ, ನದಿಯ ಆಚೆ ಒಂದು ಕಲ್ಲಿನ ಸೇತುವೆ. ಅಕ್ಕ ಆ ನಕ್ಷೆ ನೋಡಿಕೊಂಡು ತಾನು ಕಾಣದ ಸೇತುವೆಯ ಬಗ್ಗೆ ಮೂರು ಪುಟ ಬರೆದಳು. ಚೆನ್ನಾಗಿಯೇ ಬರೆದಳು. ಆದರೆ ಅವಳ ಪತ್ರಗಳು ಗಿಡ್ಡವಾಗತೊಡಗಿದವು. ಸುಳ್ಳು ಹೆಚ್ಚು ಹೊತ್ತು ಬರೆಯಲು ಬರುವುದಿಲ್ಲ. ಡಿಸೆಂಬರ್ ಹೊತ್ತಿಗೆ ಅವು ಒಂದೇ ಪುಟಕ್ಕೆ ಇಳಿದವು. ಭಾವನವೂ ಇಳಿದವು. ಒಂದರ ಕೊನೆಯಲ್ಲಿ ಮೊಣಕಾಲು ಬಂತು.

ಆ ಪತ್ರವನ್ನು ಮಾಮಿಗೆ ನಾನೇ ಓದಿ ಹೇಳಿದೆ. ಅವರು ತಮ್ಮ ಮೊಣಕಾಲನ್ನು ಒಮ್ಮೆ ನೋಡಿಕೊಂಡರು.

"ಕಾಗದ ತೆಗೆ," ಎಂದರು. ಅವರಿಗೆ ಬರೆಯಲು ಬೆರಳು ಬಗ್ಗುತ್ತಿರಲಿಲ್ಲ, ಮಗನಿಗೆ ಅವರ ಪತ್ರ ಬರೆಯುವವನು ನಾನು. ಅಕ್ಕ ಒಳಗೆ ಕಡೆಯುವ ಕಲ್ಲಿನ ಮುಂದೆ ಇದ್ದಳು. ಕಲ್ಲಿನ ಸದ್ದು ನಿಂತಿತು.

"ಬರಿ. ಗಂಧ ಇಟ್ಟದ್ದು ನಾನು. ಅದಕ್ಕೊಂದು ಕಣ್ಣು ಇದ್ದ ಹಾಗೆ ಕಂಡಿತು, ಅಲ್ಲಿಗೇ ಇಟ್ಟೆ. ನಿನ್ನ ಹೆಂಡತಿಯ ಜನ ಎಲ್ಲ ಹೋದರು. ಈಗ ಇರುವವರು ಹೊಸಬರು, ಇಲಿ ಕಚ್ಚಿದರೂ ಸಾಯ್ತಾರೆ. ಅವಳು ಸೇತುವೆ ಕಂಡಿಲ್ಲ. ಬರೆದದ್ದೆಲ್ಲ ನಿನ್ನ ಚಿತ್ರ ನೋಡಿ ಬರೆದದ್ದು. ಅವಳಿಗೆ ಬೈಬೇಡ. ನೀನು ಮುಂದೆ ಹೋಗಬೇಡ. ಸೇತುವೆಯ ಹತ್ತಿರ ನಿಂತುಕೊ. ಅವಳು ಬರ್ತಾಳೆ."

ಬರೆದೆ. ಮಾಮಿ ನನ್ನ ಮುಖ ನೋಡಿದರು. "ಮತ್ತೆ ಎಂತಾದರೂ ಬರೆಯಲಿಕ್ಕುಂಟಾ?"

ಕಾರಿನ ದಿನ ಅವರು ಅಲ್ಲಿಯೇ ಕೂತಿದ್ದರು. ಅವರಿಗೆ ಎಷ್ಟು ಅರ್ಥವಾಗಿತ್ತೋ ನನಗೆ ಗೊತ್ತಿಲ್ಲ.

"ಇಲ್ಲ ಮಾಮಿ," ಎಂದೆ. "ಅಷ್ಟು ಸಾಕು."

ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೆ. ಹೇಳದೆ ಇದ್ದದ್ದನ್ನು ಸೇರಿಸಲಿಲ್ಲ. ಒಳ್ಳೆಯ ಗುಮಾಸ್ತನೆಂದು ಕಾರ್ಖಾನೆಯಲ್ಲೂ ನನಗೆ ಹೆಸರಿತ್ತು.

ಹದಿಮೂರನೆಯ ದಿನ ಅಕ್ಕನ ಹೆಸರಿಗೆ ಉತ್ತರ ಬಂತು. ನಕ್ಷೆ ಇರಲಿಲ್ಲ. "ಸೇತುವೆಯ ಹತ್ತಿರ ನಿಂತಿದ್ದೇನೆ. ನಿಧಾನ ಬಾ. ಕಾಡಿನ ನಕ್ಷೆ ಈ ಸಲ ನೀನು ಮಾಡಿ ಕಳಿಸು, ನಾನು ಗಡಿಬಿಡಿಯಲ್ಲಿ ಅರ್ಧ ನೋಡಲೇ ಇಲ್ಲ." ಅಕ್ಕ ಎಂಟು ಪುಟ ಬರೆದಳು, ಅಂಚೆ ಚೀಟಿ ಸಾಲದೆ ನಾನು ಮತ್ತೆ ಹೋಗಿ ತಂದೆ. ಅವಳ ನಾಲ್ವರು ಸೇತುವೆ ಮುಟ್ಟಿದ್ದು ಮಾರ್ಚ್ ಕೊನೆಗೆ. ಅಷ್ಟೂ ದಿನ ಭಾವ ಅಲ್ಲಿ ಕಾದಿದ್ದರು.

ಭಾವ ನಿವೃತ್ತರಾಗಿ ಬಂದು ವರ್ಷಗಳಾದವು. ನೆಂಟರು ಕೂಡಿದಾಗ ಗಂಧದ ಕತೆಯನ್ನು ಅವರು ಇಂದಿಗೂ ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅವರ ಕತೆಯಲ್ಲಿ ನಕಲಿನ ಮಾತು ಬರುವುದಿಲ್ಲ. ಅದು ಬರಬೇಕಾದ ಜಾಗಕ್ಕೆ ಕತೆ ಬಂದಾಗ ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಮಾಮಿ ತೀರಿಕೊಂಡು ಬಹಳ ಕಾಲವಾಯಿತು. ಬೆರಳು ಎಲ್ಲಿಗೆ ಹೋಯಿತೆಂದು ಕಂಡವರಲ್ಲಿ ಹೂವಿನ ಬುಟ್ಟಿ ಹಿಡಿದಿದ್ದ ಪಕ್ಕದ ಮನೆಯಾಕೆ ಇದ್ದಾರೆ. ಎಂಬತ್ತು ದಾಟಿದೆ, ಕಂಕನಾಡಿಯಲ್ಲಿ ಮಗಳ ಜೊತೆ ಇದ್ದಾರೆ, ನೆನಪು ಸರಿಯಾಗಿದೆ. ನಾನು ಬಾಗಿಲಲ್ಲಿ ನಿಂತದ್ದನ್ನೂ ಅವರು ಕಂಡಿರಬೇಕು. ಕಾರನ್ನು ಕಂಡವರು ನನ್ನನ್ನು ಬಿಟ್ಟರೆ ಇನ್ನು ಒಬ್ಬಳೇ. ಅಕ್ಕ ಇದ್ದಾಳೆ, ಜೆಪ್ಪುವಿನ ಅದೇ ಮನೆಯಲ್ಲಿ.